ಗಂಡೆದೆ ಗೌಡನ ಕೆಂಪು ಬೂಟು

ನನ್ನ ತಮ್ಮ ಪ್ರೀತಂ ಎಂಟು ತಿಂಗಳು ಗೌಡನಾಗಿದ್ದ. ಕೇಳಿ ನಗುವವರು ನಗಲಿ, ಮೊದಲು ನಾನೂ ನಕ್ಕವಳೇ. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಒಬ್ಬೊಬ್ಬರ ಹೆಸರನ್ನೂ ಹೇಳಬಲ್ಲೆ. ಆ ಪಟ್ಟಿಯಲ್ಲಿ ಪ್ರೀತಂ ಇದ್ದಾನೆ, ನಾನೂ ಇದ್ದೇನೆ.

ನಮ್ಮದು ಮಳವಳ್ಳಿ ತಾಲ್ಲೂಕು, ಪೂರಿಗಾಲಿಯ ಪಕ್ಕದ ಒಂದು ಸಣ್ಣ ಊರು. ಊರು ಎಂದರೂ ನಾವಿರುವುದು ಊರಾಚೆಯ ದಲಿತ ಕಾಲೋನಿಯಲ್ಲಿ. ನಮ್ಮಪ್ಪ ಸಣ್ಣಯ್ಯ ಮೂವತ್ತೆರಡು ವರ್ಷ ಊರಿಗೆ ನೀರು ಬಿಟ್ಟವನು. ಬೆಳಿಗ್ಗೆ ಟ್ಯಾಂಕಿನ ಹತ್ತಿರದಿಂದ ಶುರುಮಾಡಿ ಒಂದೊಂದು ಬೀದಿಗೆ ಒಂದೊಂದು ವಾಲ್ವು ತಿರುಗಿಸುತ್ತ ಹೋಗುವ ಕೆಲಸ. ಅವನ ಮಂಡಿ ಸೋತ ಮೇಲೆ ಆ ಕೆಲಸ ಪ್ರೀತಂಗೆ ಬಂತು. ಐಟಿಐ ಮುಗಿಸಿದ್ದ, ಇಪ್ಪತ್ತೈದು ವರ್ಷ, ಬೇರೇನಾದರೂ ಸಿಗುವ ತನಕ ಎಂದುಕೊಂಡು ಹಿಡಿದ. ನಾನು ಹೇಮಶ್ರೀ, ಅವನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮಂಡ್ಯದ ಹತ್ತಿರದ ವಿ.ಸಿ. ಫಾರಂ ಎನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವ ಕಡೆ ಗುತ್ತಿಗೆ ಕೆಲಸ. ವಾರವೆಲ್ಲ ಮಂಡ್ಯದಲ್ಲಿ ಬಾಡಿಗೆ ಕೋಣೆ, ಶನಿವಾರ ಬಸ್ಸು ಹತ್ತಿ ಮನೆಗೆ.

ಅಪ್ಪನ ಎರಡು ವಿಚಾರ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಂದು ಅವನ ಕಿವಿ. ಎಲ್ಲಾದರೂ ನೆಲದೊಳಗೆ ಪೈಪು ಒಡೆದಿದ್ದರೆ, ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯ ಒಂದು ತುದಿಯನ್ನು ಪೈಪಿಗೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ, 'ಆ ಉಣಸೆ ಮರದ್ ತಾವ ಅಗೀರಿ' ಎನ್ನುತ್ತಿದ್ದ. ಅಗೆದರೆ ಅಲ್ಲೇ ನೀರು. ಪ್ರೀತಂಗೆ ಏಳೆಂಟು ವರ್ಷ ಇದ್ದಾಗಲೇ ಆ ಕೀಲಿಯನ್ನು ಅವನ ಕಿವಿಗೆ ಇಟ್ಟು ಕಲಿಸಿದ್ದ.

ಇನ್ನೊಂದು ಅವನ ಕಾಲು. ಗೌಡರ ಮನೆಗಳಿರುವ ಮೇಲಿನ ಬೀದಿ ಶುರುವಾಗುವ ಕಡೆ ಒಂದು ಅರಳಿಕಟ್ಟೆ ಇದೆ. ಅಲ್ಲಿಗೆ ಬರುತ್ತಲೇ ಅಪ್ಪ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಈಗ ಯಾರೂ ಬಿಡು ಎನ್ನುವುದಿಲ್ಲ. ಅವನ ಕಾಲದಲ್ಲಿ ಎನ್ನುತ್ತಿದ್ದರು. ನಾನು ಎಷ್ಟೋ ಸಲ ಜಗಳವಾಡಿದ್ದೇನೆ. 'ಕಾಲೇ ಬುಟ್ಬುಡ್ತದೆ ಕಣವ್ವ, ನಾನೇನ್ ಮಾಡ್ಲಿ' ಎಂದು ತನ್ನದಲ್ಲದ ಕಾಲಿನ ಮೇಲೆ ಚಾಡಿ ಹೇಳಿದ ಹಾಗೆ ಹೇಳುತ್ತಾನೆ.

ಈಗ ಗೌಡನ ವಿಚಾರ. ಫೋನಿನಲ್ಲಿ ಆಡುವ ಒಂದು ಆಟ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ, ನಾಲ್ಕು ನಾಲ್ಕು ಜನರ ತಂಡ. ಬಂದೂಕು ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ಮಳವಳ್ಳಿ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದ ಅಂಬರೀಶ್ ಎನ್ನುವವನು ಆ ಆಟ ಬಿಡುವಾಗ ತನ್ನ ಐಡಿಯನ್ನು ಪ್ರೀತಂಗೆ ಕೊಟ್ಟ. ಬದಲಿಗೆ ಪ್ರೀತಂ ತನ್ನ ಹಳೆಯ ಫೋನು ಕೊಟ್ಟ. ಐಡಿ ಎಂದರೆ ಆಟದೊಳಗಿನ ಮನುಷ್ಯ, ಅವನ ಹೆಸರು, ಬಟ್ಟೆ, ಅಲ್ಲಿಯವರೆಗೆ ಗೆದ್ದದ್ದು ಎಲ್ಲ ಸೇರಿ. ಈ ಮನುಷ್ಯ ಆರಡಿ ಎತ್ತರ, ಕರಿ ಕೋಟು, ಮಂಡಿಯ ತನಕ ಕೆಂಪು ಬೂಟು. ತಲೆಯ ಮೇಲೆ ಹೆಸರು ತೇಲುತ್ತಿತ್ತು: ಗಂಡೆದೆ ಗೌಡ. ನಮ್ಮ ಮಂಡ್ಯ ಕಡೆಯ ಹುಡುಗರು ಬೈಕಿನ ಮೇಲೆ ಬರೆಸಿಕೊಳ್ಳುವುದನ್ನೆಲ್ಲ ಅಲ್ಲಿಯೂ ಬರೆದುಕೊಳ್ಳುತ್ತಾರೆ.

'ಇದೇನ್ಲಾ, ನೀನ್ಯಾವಾಗ ಗೌಡ ಆದೆ?' ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

'ಎಸ್ರು ಬದ್ಲಾಯ್ಸಕ್ಕೆ ಒಂದ್ ಕಾರ್ಡ್ ಬೇಕು ಕಣಕ್ಕ. ಆಟ ಗೆಲ್ತಾ ಗೆಲ್ತಾ ಅವ್ರೇ ಕೊಡ್ತಾರೆ. ಸಿಕ್ಕುದ್ ತಕ್ಷಣ ಬದ್ಲಾಯ್ಸ್ತೀನಿ.'

ಸರಿ ಎಂದು ಬಿಟ್ಟೆ. ಮಧ್ಯಾಹ್ನದ ಹೊತ್ತು, ನೀರು ಬಿಟ್ಟು ಬಂದು ಉಂಡ ಮೇಲೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ಗೌಡ ಕಿಟಕಿಯಿಂದ ಇಣುಕಿದರೆ ಇವನ ಕತ್ತೂ ಉದ್ದವಾಗುತ್ತಿತ್ತು. ಗೌಡನಿಗೆ ಗುಂಡು ತಗುಲಿದರೆ ಇವನು ಪಕ್ಕೆ ಹಿಡಿದುಕೊಂಡು, 'ಅಯ್ಯೋ, ಬಿತ್ತು ನಂಗೆ' ಎನ್ನುತ್ತಿದ್ದ. ಅವ್ವ ಚಿಕ್ಕನಂಜಮ್ಮ ಮೊದಲ ಸಲ ಒಲೆಯ ಮುಂದಿನಿಂದ ಎದ್ದು ಓಡಿಬಂದಿದ್ದಳು.

ಆಟದಲ್ಲಿ ಅವನಿಗೆ ಮೂವರು ಜೊತೆಗಾರರು ಸಿಕ್ಕಿದರು. ಮೂವರೂ ಮದ್ದೂರಿನ ಹತ್ತಿರದ ಒಂದು ಹಳ್ಳಿಯವರು, ಮುಖ್ಯಸ್ಥ ಶಿವರಾಜು. ಇವನೂ ಅವರೂ ಒಬ್ಬರ ಮುಖವನ್ನು ಒಬ್ಬರು ನೋಡಿರಲಿಲ್ಲ, ದನಿ ಮಾತ್ರ. ಬಂದೂಕು ಹಿಡಿಯುವುದರಲ್ಲಿ ಪ್ರೀತಂ ಅಷ್ಟಕ್ಕಷ್ಟೆ. ಆದರೆ ಅವನ ಕಿವಿ ಅಪ್ಪನದು. ಗೋಡೆಯಾಚೆ ಯಾರೋ ನಡೆದರೆ ಸಾಕು, ಮರದ ಮೆಟ್ಟಿಲೋ ಹುಲ್ಲೋ, ಒಬ್ಬನೋ ಇಬ್ಬರೋ ಎಂದು ಹೇಳಿಬಿಡುತ್ತಿದ್ದ. ಮೂವರೂ ಇವನ ಮಾತಿಗೆ ಕಾಯುತ್ತ ಆಡುವ ಹಾಗಾಯಿತು. ಒಂದು ಭಾನುವಾರ ಹೆಡ್‌ಫೋನಿನ ಒಂದು ಬದಿಯನ್ನು ಕಿತ್ತುಕೊಂಡು ನಾನೂ ಕೇಳಿದೆ. 'ಗೌಡ್ರೆ, ಎಲ್ಲವ್ರೆ? ನೀವ್ ಯೋಳುದ್ರೆ ನುಗ್ತೀವಿ' ಎನ್ನುತ್ತಿದ್ದ ಶಿವರಾಜು.

ಅದೇ ದಿನ ಬೆಳಿಗ್ಗೆ ಮೇಲಿನ ಬೀದಿಯಲ್ಲಿ ಅವನನ್ನು ಕರೆದದ್ದೂ ನನ್ನ ಕಿವಿಗೆ ಬಿದ್ದಿತ್ತು. 'ಲೇ ಸಣ್ಣಯ್ನ ಮಗ್ನೆ, ನೀರು ಬುಡ್ಲಾ!'

ಎರಡನ್ನೂ ಒಂದೇ ದಿನ ಕೇಳಿದ ಮೇಲೆ ನನಗೆ ನಗು ಬರಲಿಲ್ಲ. ಅವನ ನಡಿಗೆ ಬದಲಾಗಿದ್ದು ಆಗ ಕಾಣಿಸಿತು. ಎದೆ ಎತ್ತಿ, ಕೈ ಬೀಸಿ, ಆ ಬೂಟಿನವನ ಹಾಗೇ ನಡೆಯುತ್ತಿದ್ದ. 'ಲೇ' ಎಂದರೆ ತಿರುಗುತ್ತಿರಲಿಲ್ಲ. ಇದು ಒಳ್ಳೆಯದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಒಳ್ಳೆಯದೇ. ಆದರೆ ಅದಕ್ಕೆ ಎರವಲು ಹೆಸರು ಯಾಕೆ ಬೇಕಿತ್ತು? ಹೆಸರು ಬದಲಾಯಿಸುವ ಕಾರ್ಡು ಅವನಿಗೆ ಸಿಕ್ಕಿ ಆಗಲೇ ಮೂರು ತಿಂಗಳಾಗಿತ್ತು. ಅವನ ಫೋನಿನಲ್ಲಿ ನಾನೇ ನೋಡಿದೆ.

'ಕಾರ್ಡ್ ಅದೆಯಲ್ಲ. ಯಾಕ್ ಬದ್ಲಾಯ್ಸಿಲ್ಲ?'

'ಈಗ ಬದ್ಲಾಯ್ಸುದ್ರೆ ಅವ್ರು ಯಾಕೆ ಅಂತ ಕೇಳ್ತಾರೆ ಕಣಕ್ಕ.'

'ಕೇಳ್ಲಿ. ಯೋಳು.'

'ಏನಂತ ಯೋಳ್ಲಿ?' ಎಂದು ಅವನು ಹೆಡ್‌ಫೋನು ಹಾಕಿಕೊಂಡ.

ಆ ವರ್ಷ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಈ ಆಟದ ಜಿಲ್ಲಾ ಮಟ್ಟದ ಪಂದ್ಯ ಏರ್ಪಾಡಾಯಿತು. ಮೊದಲ ಸುತ್ತುಗಳೆಲ್ಲ ಮನೆಯಿಂದಲೇ, ಫೈನಲ್ ಮಾತ್ರ ಮಂಟಪದಲ್ಲಿ, ದೊಡ್ಡ ಪರದೆ, ಜನ, ಯೂಟ್ಯೂಬಿನಲ್ಲಿ ನೇರಪ್ರಸಾರ. ಇವರ ತಂಡ ಫೈನಲ್ ಮುಟ್ಟಿತು. ಪ್ರೀತಂ ಹೊಸ ಅಂಗಿ ಹೊಲಿಸಿಕೊಂಡ. ನನಗೆ ಫೋನು ಮಾಡಿದಾಗಲೆಲ್ಲ ಅದೊಂದೇ ಮಾತು: ಸ್ಟೇಜಿನ ಮೇಲೆ ಕುರ್ಚಿ ಹಾಕುತ್ತಾರಂತೆ, ಹೆಸರು ಕೂಗಿ ಕರೆಯುತ್ತಾರಂತೆ. ಹುಟ್ಟಿದಾಗಿನಿಂದ ಯಾವ ಸ್ಟೇಜಿನ ಮೇಲೂ ಅವನನ್ನು ಯಾರೂ ಕರೆದಿರಲಿಲ್ಲ. ಆ ಕುರ್ಚಿಯ ಮೇಲೆ ಅವನ ಪ್ರಾಣವೇ ಇತ್ತು.

ತಂಡ ಫೈನಲಿಗೆ ಬಂದರೆ ಮುತ್ತತ್ತಿಯಲ್ಲಿ ಪೂಜೆ ಮಾಡಿಸಿ ನಾಲ್ಕು ಜನಕ್ಕೂ ಊಟ ಹಾಕುತ್ತೇನೆ ಎಂದು ಶಿವರಾಜುವಿನ ತಾಯಿ ಮಂಗಳಮ್ಮ ಹರಕೆ ಹೊತ್ತಿದ್ದಳಂತೆ. ಫೈನಲಿಗೆ ಎಂಟು ದಿನ ಮೊದಲು, ಶನಿವಾರ, ಪ್ರೀತಂ ಹೊಸ ಅಂಗಿ ಹಾಕಿಕೊಂಡು ಮುತ್ತತ್ತಿಗೆ ಹೋದ. ಅಲ್ಲಿ ನಡೆದದ್ದನ್ನು ಅವನು ಒಂದೇ ಸಲ ಹೇಳಲಿಲ್ಲ. ನಾನು ಮೂರು ನಾಲ್ಕು ಸಲ ಕೆದಕಿ ತೆಗೆದದ್ದು.

ಮಂಗಳಮ್ಮ ಬಲು ಅಕ್ಕರೆಯ ಹೆಂಗಸು. 'ನೀನೇ ಏನಪ್ಪ ಗೌಡ? ನಮ್ ಶಿವುನ್ ಬಾಯಲ್ಲಿ ಮೂರೊತ್ತೂ ನಿನ್ ಸುದ್ದಿಯೇ' ಎಂದು ಗಲ್ಲ ಹಿಡಿದು ಮಾತಾಡಿಸಿದಳು. ಹೆಸರು ಕೇಳಿ, ಅರ್ಚನೆಯಲ್ಲಿ ಪ್ರೀತಂ ಎಂದೂ ಸೇರಿಸಿದಳು. ಆಮೇಲೆ ಹೊಳೆಯ ದಂಡೆಯಲ್ಲಿ, ಮರದ ನೆರಳಿನಲ್ಲಿ, ಬಾಳೆ ಎಲೆ ಹಾಸಿ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಅವರ ನೆಂಟರೂ ಹತ್ತು ಹನ್ನೆರಡು ಜನ ಇದ್ದರು. ಮಂಗಳಮ್ಮ ತಾನೇ ಸಾರಿನ ಪಾತ್ರೆ ಹಿಡಿದು ಬಡಿಸುತ್ತ ಬಂದಳು. ಬಡಿಸುವಾಗ ನಮ್ಮ ಕಡೆಯ ಹಿರಿಯ ಹೆಂಗಸರು ಕೇಳುವುದನ್ನೇ ಕೇಳಿದಳು.

'ನಮ್ ಸೋದರತ್ತೇನೂ ನಿಮ್ ಊರ್ಗೇ ಕೊಟ್ಟಿರಾದು ಕಣಪ್ಪ. ಯಾರ್ ಮನೆಯೋನು ನೀನು? ಮನೆದ್ಯಾವ್ರು ಯಾವ್ದು?'

ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎಲ್ಲಾದರೂ ನೆಂಟಸ್ತಿಕೆ ಸಿಕ್ಕೀತೇ, ತನ್ನ ತಮ್ಮನ ಮಗಳಿಗೆ ಗಂಡು ಆದೀತೇ ಎಂದು ಹುಡುಕುತ್ತಿದ್ದಳು, ಅಷ್ಟೆ. ಪ್ರೀತಂ ಅಲ್ಲಿ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಮೇಲಿನ ಬೀದಿಯ ಎಲ್ಲ ಮನೆಗಳಿಗೂ ನೀರು ಬಿಡುವವನು ಅವನು. ಯಾವ ಮನೆಗೆ ಯಾವ ದೇವರು, ಯಾರು ಯಾರ ಮಗ ಎನ್ನುವುದು ಆ ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬಂದ ಒಂದು ಹೆಸರು ಸಾಕಿತ್ತು.

'ನೀರು ಬುಡೋ ಸಣ್ಣಯ್ಯನ ಮಗ ಕಣವ್ವ' ಎಂದ.

ಮಂಗಳಮ್ಮನಿಗೆ ಅಪ್ಪನ ಹೆಸರು ಗೊತ್ತಿತ್ತು. ಸೋದರತ್ತೆಯ ಮನೆಗೆ ಬಂದಾಗ ನೋಡಿರಬೇಕು. ಅವಳು ಕೂಗಲಿಲ್ಲ, ಏಳು ಎನ್ನಲಿಲ್ಲ. ಎಲೆಗೆ ತಾಗುವ ಹಾಗೆ ಬಗ್ಗಿಸಿದ್ದ ಸೌಟು ಒಂದು ಗೇಣು ಮೇಲಕ್ಕೆ ಹೋಯಿತು. ಅಲ್ಲಿಂದಲೇ ಸಾರು ಬಿಟ್ಟಳು. ಅನ್ನದ ಮೇಲೆ ಬಿದ್ದು ಹೊಸ ಅಂಗಿಗೆ ಸಿಡಿಯಿತು. ಪಕ್ಕದವನಿಗೆ ಬಡಿಸುವಾಗ ಸೌಟು ಮತ್ತೆ ಕೆಳಗೆ ಬಂತು. ಶಿವರಾಜು ತನ್ನ ಎಲೆಯನ್ನೇ ನೋಡುತ್ತ ಕೂತಿದ್ದನಂತೆ.

'ಯಾಕ್ಲಾ ಒಂದ್ ಸುಳ್ಳು ಯೋಳ್ಲಿಲ್ಲ? ಎಂಟ್ ತಿಂಗ್ಳು ಯೋಳಿದ್ಯಲ್ಲ' ಎಂದು ನಾನು ಗದರಿದೆ.

'ಗೌಡ ಆಗಿದ್ರೆ ಯೋಳ್ಬೋದಿತ್ತು ಕಣಕ್ಕ. ಅವ್ನು ಅಲ್ಲೆಲ್ಲಿದ್ದ? ಎಲೆ ಮುಂದೆ ನಾನೊಬ್ನೇ ಕೂತಿದ್ದೆ.'

ಮಂಡ್ಯದಲ್ಲಿ ಕೋಣೆ ಹುಡುಕುವಾಗ ಮನೆಯೊಡತಿ ನನ್ನನ್ನೂ ಇದನ್ನೇ ಕೇಳಿದ್ದಳು. ಮನೆದೇವರು ಯಾವುದಮ್ಮ ಎಂದು. ನಾನು ಕಣ್ಣು ಮಿಟುಕಿಸದೆ ಮೇಲಿನ ಬೀದಿಯವರ ದೇವರ ಹೆಸರು ಹೇಳಿದ್ದೆ. ಎರಡು ವರ್ಷದಿಂದ ಅದೇ ಸುಳ್ಳಿನ ಮೇಲೆ ಮಲಗಿ ಏಳುತ್ತಿದ್ದೇನೆ. ಬಯ್ಯುವುದಕ್ಕೆ ನನಗೆ ಬಾಯಿ ಎಲ್ಲಿತ್ತು?

ಫೈನಲಿನ ಹಿಂದಿನ ದಿನ, ಮತ್ತೆ ಶನಿವಾರ, ನಾನು ಮನೆಗೆ ಬಂದ ಹೊತ್ತಿಗೇ ಶಿವರಾಜು ಬೈಕಿನಲ್ಲಿ ಬಂದ. ತೆಳ್ಳಗೆ, ಬೆಳ್ಳಗೆ, ಒಳ್ಳೆಯವನ ಹಾಗೇ ಕಾಣುವ ಹುಡುಗ. ಬೈಕಿನಿಂದ ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ. ಅವ್ವ ಕಾಫಿ ಕುಡಿ ಎಂದರೆ, 'ಈಗ್ತಾನೆ ಕುಡ್ದೆ ಕಣವ್ವ' ಎಂದ.

'ಬೇಜಾರ್ ಮಾಡ್ಕಬ್ಯಾಡ ಕಣೋ ಪ್ರೀತಂ' ಎಂದ. ಅವನ ಬಾಯಲ್ಲಿ ತಮ್ಮನ ನಿಜವಾದ ಹೆಸರು ಬಂದದ್ದು ಅದೇ ಮೊದಲಂತೆ. 'ನಂಗೇನೂ ಇಲ್ಲ. ಆದ್ರೆ ನಮ್ಮೋರೆಲ್ಲ ನಾಳೆ ಮಂಟಪಕ್ಕೆ ಬತ್ತಾವ್ರೆ. ಸ್ಟೇಜಲ್ಲಿ ಗೌಡ ಅಂತ ಕರ್ದಾಗ ನೀನು ಎದ್ದೋದ್ರೆ ಅವ್ವಂಗೆ ಒಂಥರಾ ಆಯ್ತದೆ. ನಿಂಗೂ ಕಷ್ಟ.'

'ಏನ್ ಮಾಡ್ಬೇಕು ಯೋಳು' ಎಂದ ಪ್ರೀತಂ.

'ಐಡಿ ಕೊಡು. ಪಂದ್ಯಕ್ಕೆ ಬರ್ಸಿರಾದು ಐಡಿ ಎಸ್ರು ಅಷ್ಟೆ, ಕೈ ಯಾರ್ದು ಅಂತ ಯಾರೂ ಕೇಳಲ್ಲ. ನಮ್ ಚಿಕ್ಕಪ್ಪನ್ ಮಗ ಚಲುವರಾಜು ಆಡ್ತಾನೆ. ಮುಗುದ್ ಮ್ಯಾಲೆ ವಾಪಸ್ ಕೊಟ್ಬುಡ್ತಾನೆ.'

ನನಗೆ ಮೈ ಉರಿದುಹೋಯಿತು. 'ಅಲ್ಲ ಕಣಪ್ಪ, ಬೂಟು ಬೇಕು, ಕೋಟು ಬೇಕು, ಗೆದ್ದಿದ್ದೆಲ್ಲ ಬೇಕು, ಗೆದ್ದೋನು ಒಬ್ಬ ಮಾತ್ರ ಬ್ಯಾಡ್ವಾ ನಿಂಗೆ?'

ಅವನು ಪೆಟ್ರೋಲ್ ಟ್ಯಾಂಕಿನ ಮೇಲೆ ಹೆಬ್ಬೆರಳು ಉಜ್ಜುತ್ತ, 'ಅಂಗನ್ಬ್ಯಾಡಿ ಅಕ್ಕ' ಎಂದ. ನಾಚಿಕೆ ಆಗಿತ್ತು ಅವನಿಗೆ, ಇಲ್ಲ ಎನ್ನಲಾರೆ. ಆದರೆ ನಾಚಿಕೆ ಪಟ್ಟವನು ಕೇಳದೆ ಹೋಗಬೇಕಿತ್ತು. ಇವನು ಕೇಳಿ, ಕಾದು, ಪಡೆದುಕೊಂಡು ಹೋದ. ಪ್ರೀತಂ ಪಾಸ್‌ವರ್ಡು ಹೇಳಿದ, ಫೋನಿಗೆ ಬಂದ ಆರು ಅಂಕಿಯನ್ನೂ ಒಂದೊಂದಾಗಿ ಓದಿ ಹೇಳಿದ.

ಬೈಕು ಕಾಲೋನಿ ದಾಟಿದ ಮೇಲೆ ನಾನು ಅವನ ಕೊರಳಪಟ್ಟಿ ಹಿಡಿದೆ. 'ಯಾಕ್ಲಾ ಕೊಟ್ಟೆ? ಕೊಡಲ್ಲ ಓಗು ಅನ್ನಕ್ಕೇನಾಗಿತ್ತು?'

'ಕೊಡ್ದಿದ್ರೆ ಅವ್ನು ಫೈನಲ್ ಆಡಂಗಿರ್ಲಿಲ್ಲ ಕಣಕ್ಕ.'

'ಯಾರು?'

'ಗೌಡ. ಎಂಟ್ ತಿಂಗ್ಳು ಕಷ್ಟಪಟ್ಟವ್ನೆ. ನನ್ ದೆಸೆಯಿಂದ ಅವ್ನು ಯಾಕೆ ಮನೇಲಿ ಕೂತ್ಕಬೇಕು?'

ನಾನು ಕೈ ಬಿಟ್ಟೆ. ಆ ಮಾತಿಗೆ ಅಳಬೇಕೋ ಎರಡು ಬಾರಿಸಬೇಕೋ ಗೊತ್ತಾಗಲಿಲ್ಲ.

ಭಾನುವಾರ ಮಧ್ಯಾಹ್ನ ಫೋನನ್ನು ಗೋಡೆಯ ಗೂಡಿನಲ್ಲಿ ಚೊಂಬಿಗೆ ಒರಗಿಸಿಟ್ಟು ನೇರಪ್ರಸಾರ ನೋಡಿದೆವು. ಬೇಡ ಎಂದೆ, ಕೇಳಲಿಲ್ಲ. ಸ್ಟೇಜಿನ ಮೇಲೆ ನಾಲ್ಕು ಕುರ್ಚಿ, ಮೂರನೆಯದರಲ್ಲಿ ಚಲುವರಾಜು. ಆಟ ಶುರುವಾಗಿ ಗೌಡ ವಿಮಾನದಿಂದ ಹಾರಿದ ತಕ್ಷಣ ಪ್ರೀತಂಗೆ ಮಂಟಪ ಮರೆತುಹೋಯಿತು. ಮೊದಮೊದಲು ಬೈದ. 'ಅಂಗಲ್ಲ ಕಣೋ ಅವ್ನು ಓಡಾದು, ಬಗ್ಗಿ ಓಡ್ತಾನೆ ಅವ್ನು' ಎಂದ, ಮಗುವನ್ನು ಎತ್ತಿಕೊಳ್ಳಲು ಬಾರದವರ ಕೈಗೆ ಕೊಟ್ಟ ತಾಯಿಯ ಹಾಗೆ ಸಂಕಟಪಡುತ್ತ. ಆಮೇಲೆ ಒಮ್ಮೆಲೇ ತಲೆ ವಾರೆ ಮಾಡಿ ಕಿವಿಗೊಟ್ಟ. 'ಎಡಗಡೆ ಮೆಟ್ಲು! ಇಬ್ರವ್ರೆ ಕಣ್ರೋ, ಎಡಗಡೆ!' ಎಂದು ಕಿರುಚಿದ. ಮಂಡ್ಯದಲ್ಲಿ ಕೂತ ಚಲುವರಾಜುಗೆ ಆ ಸದ್ದು ಕೇಳಿಸಲಿಲ್ಲ. ಗುಂಡು ಬಿತ್ತು, ಗೌಡ ಮಂಡಿಯೂರಿದ. ಪ್ರೀತಂ ಪಕ್ಕೆ ಹಿಡಿದುಕೊಂಡು ಬಗ್ಗಿದ.

ಶಿವರಾಜು ಓಡಿಬಂದು ಆ ಇಬ್ಬರನ್ನೂ ಹೊಡೆದು ಗೌಡನನ್ನು ಎತ್ತಿದ. ಅಲ್ಲಿಂದ ಹತ್ತು ನಿಮಿಷ ಅವನನ್ನು ಕಾಪಾಡಿಕೊಂಡೇ ಆಡಿದರು. ಮುತ್ತತ್ತಿಯಲ್ಲಿ ಎಲೆಯಿಂದ ತಲೆ ಎತ್ತದವನು ಇಲ್ಲಿ ಗೌಡನ ಮುಂದೆ ಗೋಡೆಯಾಗಿ ನಿಂತ. ಕೊನೆಗೆ ಗೆದ್ದರು.

'ಗೆದ್ದೋ ಕಣಕ್ಕ!' ಎಂದು ಪ್ರೀತಂ ಹಾರಿದ. ನನ್ನನ್ನು ತಬ್ಬಿಕೊಂಡ, ಅವ್ವನನ್ನು ತಬ್ಬಿಕೊಂಡ. ಪರದೆಯ ಮೇಲೆ ಕೆಂಪು ಬೂಟಿನವನು ಕುಣಿಯುತ್ತಿದ್ದ. ಮಂಟಪದವರೆಲ್ಲ 'ಗೌಡ, ಗೌಡ' ಎಂದು ಕೂಗುತ್ತಿದ್ದರು. ನಿರೂಪಕ ಮೈಕು ಹಿಡಿದು ಸ್ಟೇಜಿನ ಮುಂದಕ್ಕೆ ಬಂದ.

'ಎಲ್ಲಿ ನಮ್ಮ ಗಂಡೆದೆ ಗೌಡ? ಕೈ ಎತ್ತಿ ನೋಡೋಣ!'

ನಮ್ಮ ಮನೆಯೊಳಗೆ ಪ್ರೀತಂನ ಕೈ ಮೇಲೆದ್ದಿತು. ಪರದೆಯಲ್ಲಿ ಚಲುವರಾಜು ಕೈ ಎತ್ತಿದ. ಪ್ರೀತಂ ಅದನ್ನು ನೋಡಿದ, ತನ್ನ ಕೈಯನ್ನೂ ನೋಡಿಕೊಂಡ, ಆಮೇಲೆ ಅದೇ ಕೈಯಿಂದ ತಲೆ ಕೆರೆದುಕೊಂಡು ಹೊರಗೆ ಹೋದ.

ವಾರದೊಳಗೆ ಮದ್ದೂರಿನಲ್ಲಿ ಫ್ಲೆಕ್ಸ್ ಎದ್ದಿತು. ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ನಾಲ್ವರ ಫೋಟೋ, ಚಲುವರಾಜುವಿನ ಮುಖದ ಕೆಳಗೆ ಗಂಡೆದೆ ಗೌಡ ಎಂದು ದಪ್ಪ ಅಕ್ಷರ. ಐಡಿ ವಾಪಸ್ ಬರಲಿಲ್ಲ. ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ, ಆಮೇಲೆ ಕೊಡುತ್ತೇನೆ ಎಂದನಂತೆ ಚಲುವರಾಜು. ಪಾಸ್‌ವರ್ಡು ಬದಲಾಗಿತ್ತು. ಶಿವರಾಜು ಫೋನು ಎತ್ತುವುದನ್ನು ಬಿಟ್ಟ. ಇನ್ನೊಂದು ಪಂದ್ಯ ಮುಗಿದು ಮತ್ತೊಂದು ಬಂದರೂ ಗೌಡ ಮದ್ದೂರಿನಲ್ಲೇ ಉಳಿದ. ಪ್ರೀತಂ ಮಾತು ಕಡಿಮೆ ಮಾಡಿದ. ಬೆಳಿಗ್ಗೆ ಕೀಲಿ ಹೆಗಲಿಗೇರಿಸಿ ಹೋಗುವನು, 'ಲೇ' ಎಂದರೆ ತಿರುಗುವನು. ಆ ಎದೆ ಎತ್ತಿದ ನಡಿಗೆಯೂ ಐಡಿಯ ಜೊತೆಗೇ ಹೋದಂತಿತ್ತು.

ಮೊನ್ನೆ ಭಾನುವಾರ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಅವನು ಮತ್ತೆ ಆ ಆಟ ತೆರೆದ. ಹೊಸ ಐಡಿ, ಸೊನ್ನೆಯಿಂದ ಶುರು. ಹೆಸರು ಕೇಳಿತು. ಪ್ರೀತಂ ಎಂದು ಬರೆದ. ಆ ಹೆಸರು ಬೇರೆಯವರು ಇಟ್ಟುಕೊಂಡಿದ್ದಾರೆ ಎಂದು ಬಂತು. ಊರಿನ ಹೆಸರು ಸೇರಿಸಿದ, ಹುಟ್ಟಿದ ವರ್ಷ ಸೇರಿಸಿದ, ಅದ್ಯಾವುದೂ ಅವನಿಗೇ ಹಿಡಿಸಲಿಲ್ಲ, ಅಳಿಸಿದ. ಆಮೇಲೆ ಸಣ್ಣಯ್ಯ ಎಂದು ಬರೆದ. ಅದು ಯಾರಿಗೂ ಬೇಕಿರಲಿಲ್ಲ, ಒಂದೇ ಸಲಕ್ಕೆ ಸಿಕ್ಕಿತು.

ಅಪ್ಪ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತ. ಕಣ್ಣು ಕಿರಿದು ಮಾಡಿ ಫೋನಿನೊಳಗೆ ನೋಡಿದ. ಆ ಆಟದಲ್ಲಿ ಹೊಸಬರಿಗೆ ಒಂದು ಬನಿಯನ್ನು, ಒಂದು ಚಡ್ಡಿ, ಅಷ್ಟೇ ಕೊಡುವುದು.

'ಇವ್ನ್ಯಾರ್ಲಾ?'

'ನೀನೇ ಕಣಪ್ಪ. ನಿನ್ ಎಸ್ರೇ ಇಟ್ಟಿವ್ನಿ.'

ಅಪ್ಪ ಇನ್ನೂ ಹತ್ತಿರ ಬಗ್ಗಿದ. ಬಯಲಿನಲ್ಲಿ ಒಬ್ಬನೇ ನಿಂತವನ ಬರಿಗಾಲನ್ನು ಬೆರಳಿನಿಂದ ಮುಟ್ಟಿ ನೋಡಿದ.

'ಇವ್ನಿಗೂ ಎಕ್ಡ ಇಲ್ವಾ?'

'ಗೆದ್ರೆ ಕೊಡ್ತಾರೆ ಕಣಪ್ಪ.'

'ನಮ್ಗೂ ಅಂಗೇ ಯೋಳಿದ್ರು' ಎಂದ ಅಪ್ಪ.